ವಾಲಿಬಾಲ್ ತಂಡದ ಮಕ್ಕಳ ಪೋಷಕರಿಗೆ

ಎಲ್ಲ ಪೋಷಕರಿಗೂ ನಮಸ್ಕಾರ.

ನಮ್ಮ ಶಾಲೆಯ ಹುಡುಗರ ತಂಡ, ಹುಡುಗಿಯರ ತಂಡ ಎರಡೂ ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಂದಿರುವುದು ನಿಮಗೆ ಗೊತ್ತೇ ಇದೆ. ಮುಂದಿನದು ಗದಗಿನಲ್ಲಿ ಜಿಲ್ಲಾ ಮಟ್ಟ. ಅಲ್ಲೂ ಗೆದ್ದರೆ ಬೆಳಗಾವಿ ವಿಭಾಗ ಮಟ್ಟ. ಈ ಖುಷಿಯ ನಡುವೆ ಕೆಲವು ತಾಯಂದಿರು ಕೇಳಿದ್ದಾರೆ: "ಅಕ್ಕೋರ, ಮ್ಯಾಲ ಮ್ಯಾಲ ಹೋದಂಗ ಪೆಟ್ಟು ಜಾಸ್ತಿ ಅಂತಲ್ರಿ, ಖರೇನ?"

ಪೂರ್ತಿ ಖರೆ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಮೇಲಕ್ಕೆ ಹೋದಂತೆ ಪೆಟ್ಟಿನ ಬಗೆ ಬದಲಾಗುತ್ತದೆ.

ಶಾಲಾ ಮಟ್ಟದಲ್ಲಿ ನಾವು ಹೆಚ್ಚಾಗಿ ನೋಡುವುದು ಕಾಲು ಉಳುಕುವುದು ಮತ್ತು ಬ್ಲಾಕ್ ಮಾಡುವಾಗ (ಎದುರಾಳಿಯ ಹೊಡೆತವನ್ನು ನೆಟ್ ಬಳಿ ಹಾರಿ ಕೈಯಿಂದ ತಡೆಯುವಾಗ) ಬೆರಳಿಗೆ ಚೆಂಡು ಬಡಿಯುವುದು. ಕಾಲು ಉಳುಕುವುದು ಬಹುತೇಕ ನೆಟ್ ಕೆಳಗೇ. ನೆಟ್ ಕೆಳಗಿನ ನಡುಗೆರೆಯ ಅಗಲ ಬರೀ 5 ಸೆಂಟಿಮೀಟರ್. ಪಾದದ ಒಂದು ಭಾಗ ಗೆರೆಯ ಮೇಲಿದ್ದರೆ ಉಳಿದದ್ದು ಆಚೆ ಹೋದರೂ ನಿಯಮದ ಪ್ರಕಾರ ತಪ್ಪಲ್ಲ. ಹಾಗಾಗಿ ಸ್ಮ್ಯಾಶ್ ಹೊಡೆದವನ (ಹಾರಿ ಚೆಂಡನ್ನು ಜೋರಾಗಿ ಕೆಳಕ್ಕೆ ಬಡಿದವನ) ಪಾದ ಗೆರೆಯ ಆಚೆಗೆ ಇಳಿಯುತ್ತದೆ, ಎದುರಿಗೆ ಬ್ಲಾಕ್ ಹಾರಿದವನ ಕಾಲು ಅದರ ಮೇಲೆ ಬಿದ್ದು ಮಡಚಿಕೊಳ್ಳುತ್ತದೆ. ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. ಅಂತರರಾಷ್ಟ್ರೀಯ ವಾಲಿಬಾಲ್ ಸಂಸ್ಥೆ 2010ರಿಂದ 2014ರವರೆಗೆ ತನ್ನ ದೊಡ್ಡ ಟೂರ್ನಿಗಳಲ್ಲಿ ಆದ ಗಾಯಗಳನ್ನು ದಾಖಲಿಸಿತ್ತು. ಸುಮಾರು ನಾಲ್ಕರಲ್ಲಿ ಒಂದು ಗಾಯ ಪಾದದ ಕೀಲಿನದೇ. ನಂತರ ಮಂಡಿ, ಆಮೇಲೆ ಬೆರಳು. ಪಂದ್ಯಗಳಲ್ಲಿ ಕಿರಿಯರಿಗಿಂತ ಹಿರಿಯ ಆಟಗಾರರಿಗೆ ಗಾಯ ಜಾಸ್ತಿ ಅನ್ನುವುದೂ ಅದರಲ್ಲಿ ಕಂಡಿತು.

ಆದರೆ ಮೇಲಿನ ಮಟ್ಟದವರನ್ನು ನಿಜವಾಗಿ ಕಾಡುವುದು ಬೀಳದೆ, ಉಳುಕದೆ ಬರುವ ನೋವು. ಹಾರಿ ಹಾರಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು (ಎಲುಬಿಗೆ ಅಂಟಿದ ಗಟ್ಟಿ ನಾರು) ಸವೆಯುತ್ತದೆ. ಇದಕ್ಕೆ ಜಂಪರ್ಸ್ ನೀ ಎನ್ನುತ್ತಾರೆ. ನಾರ್ವೆಯ ಉನ್ನತ ಮಟ್ಟದ ಆಟಗಾರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಲಿಬಾಲ್ ಆಡುವ ಗಂಡಸರಲ್ಲಿ 100ಕ್ಕೆ 45 ಜನರಿಗೆ ಈ ನೋವಿತ್ತು. ಸ್ಮ್ಯಾಶ್ ಹೊಡೆಯುವವರಿಗೆ ಭುಜದ್ದೂ ಇದೇ ಕಥೆ.

ನಮ್ಮ ಮಕ್ಕಳು ಅಷ್ಟು ದೂರ ಹೋಗಿಲ್ಲವಲ್ಲ ಎನ್ನಬಹುದು. ನನ್ನ ಚಿಂತೆ ಇರುವುದೇ ಇಲ್ಲಿ. ಚೆನ್ನಾಗಿ ಆಡುವ ಹುಡುಗನನ್ನು ಎಲ್ಲರೂ ಕರೆಯುತ್ತಾರೆ. ಬೆಳಿಗ್ಗೆ ಶಾಲೆಯ ಪ್ರಾಕ್ಟೀಸ್, ಸಂಜೆ ಊರಿನ ದೊಡ್ಡ ಹುಡುಗರ ಜೊತೆ ಆಟ, ಜಾತ್ರೆ ಬಂತೆಂದರೆ ರಾತ್ರಿಯಿಡೀ ಹೊನಲು ಬೆಳಕಿನ ಪಂದ್ಯಾವಳಿ. ಪಿಇ (ದೈಹಿಕ ಶಿಕ್ಷಣ) ಸರ್ ಕಣ್ಣಿಗೆ ಬೀಳುವುದು ಶಾಲೆಯ ಆಟ ಮಾತ್ರ. ನಿಮಗೆ ಕಾಣುವುದು ಊರಿನದು ಮಾತ್ರ. ಎರಡನ್ನೂ ಕೂಡಿಸಿ ನೋಡುವವರು ಯಾರೂ ಇಲ್ಲ. ಅವನ ಮಂಡಿ ಮಾತ್ರ ಎಲ್ಲವನ್ನೂ ಹೊರುತ್ತದೆ. ಅದೂ ಎಲುಬು ಇನ್ನೂ ಬೆಳೆಯುತ್ತಿರುವ ವಯಸ್ಸು. ಮಂಡಿಯ ಕೆಳಗಿನ ಎಲುಬಿನ ಉಬ್ಬು ಮುಟ್ಟಿದರೆ ನೋವು ಎಂದು ಮಗು ಹೇಳಿದರೆ ಸುಮ್ನೆ ನೆಪ ಅಂದುಕೊಳ್ಳಬೇಡಿ, ನಮಗೆ ತಿಳಿಸಿ.

ಕ್ರೀಡಾ ವೈದ್ಯರು ಒಂದು ಸುಲಭದ ಲೆಕ್ಕ ಹೇಳುತ್ತಾರೆ: ಮಗುವಿನ ವಯಸ್ಸು ಎಷ್ಟೋ, ವಾರದಲ್ಲಿ ತರಬೇತಿ ಮತ್ತು ಪಂದ್ಯ ಸೇರಿ ಅದಕ್ಕಿಂತ ಜಾಸ್ತಿ ಗಂಟೆ ಆಗಬಾರದು. 14 ವರ್ಷದವರಿಗೆ 14 ಗಂಟೆ, ಊರಿನ ಆಟವೂ ಅದರಲ್ಲೇ ಬಂತು. ಜೊತೆಗೆ ವಾರಕ್ಕೆ ಒಂದು ದಿನ ಪೂರ್ತಿ ಬಿಡುವು ಬೇಕು. ಸೋಮವಾರ ನಮ್ಮ ಕಡೆ ಎತ್ತಿಗೂ ನೊಗ ಹೂಡುವುದಿಲ್ಲ, ಅಲ್ವಾ? ತಂಡಕ್ಕೂ ಸೋಮವಾರವೇ ರಜೆ ಎಂದು ತೀರ್ಮಾನಿಸಿದ್ದೇವೆ. ಅವತ್ತು ಊರಲ್ಲೂ ಆಡಿಸಬೇಡಿ.

ಹುಡುಗಿಯರ ಮನೆಯವರಿಗೆ ಬೇರೆ ಒಂದು ಮಾತು. ಹಾರಿ ಇಳಿಯುವ ಆಟಗಳಲ್ಲಿ ಮಂಡಿಯ ಲಿಗಮೆಂಟ್ (ಎಲುಬುಗಳನ್ನು ಬಿಗಿದಿಡುವ ನಾರು) ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ, ನಿಜ. ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು ಒಂದು ಕಾರಣ. ಅದನ್ನು ಕಲಿಸಿ ತಿದ್ದಬಹುದು. ಇಳಿಯುವ ರೀತಿ, ಒಂಟಿ ಕಾಲಿನ ಸಮತೋಲನ ಕಲಿಸಿದ ಮೇಲೆ ಕಾಲು ಉಳುಕುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದನ್ನು ನಾರ್ವೆಯಲ್ಲಿ 1990ರ ದಶಕದಲ್ಲೇ ಕಂಡಿದ್ದಾರೆ. ನಮ್ಮ ಪಿಇ ಸರ್ ಕೂಡ ದಿನವೂ ಮೊದಲು ಇದನ್ನೇ ಮಾಡಿಸುತ್ತಾರೆ. ಮಗಳನ್ನು ಆಟ ಬಿಡಿಸುವುದಕ್ಕೆ ಇದನ್ನು ಕಾರಣ ಮಾಡಬೇಡಿ. ಹುಡುಗರಿಗೆ ಪೆಟ್ಟಾದಾಗ ಯಾರೂ ಆಟ ಬಿಡಿಸುವುದಿಲ್ಲ ಎನ್ನುವುದನ್ನೂ ನಾನು ಗಮನಿಸಿದ್ದೇನೆ.

ನಮ್ಮದು ಎರೆ ನೆಲ. ಬಿಸಿಲಿಗೆ ಬಿರುಕು ಬಿಡುತ್ತದೆ, ಮಳೆಗೆ ಜಾರುತ್ತದೆ. ಅಂಗಳಕ್ಕೆ ಗರಸು ಹಾಕಿಸಿ ರೋಲರ್ ಹೊಡೆಸಿದ್ದೇವೆ. ನಿಮ್ಮ ಕಡೆಯಿಂದ ಬೇಕಾಗಿರುವುದು ಬೂಟು. ದುಬಾರಿಯದು ಬೇಡ, ಕಾಲಿಗೆ ಸರಿಯಾಗಿ ಕೂತು ತಳ ಸವೆಯದೆ ಇದ್ದರೆ ಸಾಕು.

ಕಾಲು ಉಳುಕಿದರೆ ಮೊದಲ ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಬಿಸಿನೀರಿನ ಕಾವು ಕೊಡಬೇಡಿ, ಎಳೆದು ಕೂಡಿಸುವವರ ಹತ್ತಿರವಂತೂ ಬೇಡವೇ ಬೇಡ. ಬಟ್ಟೆಯಲ್ಲಿ ಐಸ್ ಸುತ್ತಿ 15-20 ನಿಮಿಷ ಇಡಿ, ಪಟ್ಟಿ ಕಟ್ಟಿ, ಕಾಲು ಎತ್ತರದಲ್ಲಿರಲಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಬೇಗ. ಆದ್ದರಿಂದ ನೋವಿಲ್ಲದೆ ಒಂಟಿ ಕಾಲಲ್ಲಿ ಕುಣಿಯಲು ಬರುವವರೆಗೆ ಯಾವ ಮಗುವನ್ನೂ ಆಡಿಸುವುದಿಲ್ಲ, ಜಿಲ್ಲಾ ಫೈನಲ್ ಇದ್ದರೂ ಸರಿ. ಆಮೇಲೂ ಕೆಲವು ತಿಂಗಳು ಆಂಕಲ್ ಸಪೋರ್ಟ್ (ಪಾದದ ಕೀಲಿಗೆ ಹಾಕುವ ಬಿಗಿ ಪಟ್ಟಿ) ಹಾಕಿಕೊಂಡೇ ಆಡಬೇಕು.

ಪತ್ರದ ಜೊತೆ ಒಂದು ಫಾರ್ಮ್ ಇದೆ. ಮಗು ಬೇರೆ ಎಲ್ಲೆಲ್ಲಿ ಆಡುತ್ತದೆ, ವಾರಕ್ಕೆ ಎಷ್ಟು ಹೊತ್ತು, ಹಳೆಯ ಪೆಟ್ಟು ಏನಾದರೂ ಇದೆಯಾ, ಇಷ್ಟು ಬರೆದು ಸಹಿ ಮಾಡಿ ಶನಿವಾರದೊಳಗೆ ಕಳಿಸಿ. ಹಳೆಯ ಪೆಟ್ಟು ಬರೆದಿದ್ದೀರಿ ಅಂತ ಯಾರನ್ನೂ ತಂಡದಿಂದ ತೆಗೆಯುವುದಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ