ಫೈನ್ ಕಟ್ಟಿದ ತಕ್ಷಣ ಕೇಸ್ ಮುಗಿಯಲ್ಲ

ಸಂಪಾದಕರೇ,

ನಮ್ಮ ತುಮಕೂರಲ್ಲಿ ಬಿ.ಎಚ್. ರಸ್ತೆ, ಶಿರಾ ಗೇಟ್ ಕಡೆ ರಾತ್ರಿ ಹೊತ್ತು ಊದಿಸ್ತಾರಲ್ಲ, ಅದಕ್ಕೆ ನನ್ ತಕರಾರಿಲ್ಲ, ಕುಡ್ದು ಗಾಡಿ ಓಡ್ಸೋರನ್ನ ಹಿಡೀಲೇಬೇಕು. ನನ್ ಪ್ರಶ್ನೆ ಹಿಡಿದ ಮೇಲಿಂದು. ಮೊನ್ನೆ ಕೋರ್ಟ್ ಹತ್ರ ಟೀ ಅಂಗಡೀಲಿ ಒಬ್ಬ ಆಟೋ ಡ್ರೈವರ್ ನೋಟಿಸನ್ನ ನಾಕು ಮಡಿಕೆ ಮಾಡಿ ಜೇಬಲ್ಲಿಟ್ಕೊಂಡು ಕೂತಿದ್ದ, ಪಕ್ಕದವನು "ತಪ್ಪಾಯ್ತು ಸ್ವಾಮಿ ಅಂದ್ಬಿಡು, ಹತ್ತು ಸಾವಿರ ಬಿಸಾಕು, ಮಧ್ಯಾಹ್ನಕ್ಕೆ ಸ್ಟ್ಯಾಂಡಲ್ಲಿರ್ತೀಯ" ಅಂತ ಬುದ್ಧಿ ಹೇಳ್ತಿದ್ದ.

ಸ್ಟ್ಯಾಂಡಲ್ಲೆಲ್ಲಿ ಇರ್ತಾನೆ? ಮೋಟಾರು ವಾಹನ ಕಾಯ್ದೆ ಸೆಕ್ಷನ್ 185ರಲ್ಲಿ ಮೊದಲ್ನೇ ಸಲಕ್ಕೆ 10,000 ದಂಡ ಅಥವಾ 6 ತಿಂಗಳವರೆಗೂ ಜೈಲು, ಇಲ್ಲ ಎರಡೂ, ಅದು ಎಲ್ರಿಗೂ ಗೊತ್ತು, ಆದ್ರೆ ತಪ್ಪು ಒಪ್ಕೊಂಡ್ರೆ ಶಿಕ್ಷೆ ಆಯ್ತು ಅಂತ ಲೆಕ್ಕ, ಶಿಕ್ಷೆ ಆದ್ರೆ ಸೆಕ್ಷನ್ 20ರ ಪ್ರಕಾರ ಕೋರ್ಟು ಕಮ್ಮಿ ಅಂದ್ರೂ 6 ತಿಂಗಳು ಡಿಎಲ್ ಅನರ್ಹ ಮಾಡ್ಲೇಬೇಕು, ಇದನ್ನ ಆ ಪಕ್ಕದವನು ಹೇಳ್ಲಿಲ್ಲ. ಆಟೋ ಓಡ್ಸೋನಿಗೆ ಆರು ತಿಂಗಳು ಅಂದ್ರೆ ಹೊಟ್ಟೆಪಾಡು! ಆ ಟೈಮಲ್ಲಿ ಕದ್ದು ಓಡ್ಸಿ ಸಿಕ್ಕಾಕ್ಕೊಂಡ್ರೆ ಸೆಕ್ಷನ್ 182ರ ಕೇಸ್ ಬೇರೆ.

ಇನ್ನೊಂದು, ಡಿಎಲ್ ಕಿತ್ಕೊಂಡಾಗ ಒಂದು ಚೀಟಿ ಕೊಡ್ತಾರೆ, ಬೇರೆ ಕೆಲವು ಕೇಸಲ್ಲಿ ಆ ಥರ ಚೀಟಿ ಇದ್ರೆ ಗಾಡಿ ಓಡ್ಸಬೋದು, 2019ರ ತಿದ್ದುಪಡಿ ಆದ್ಮೇಲೆ ಕುಡಿದ ಕೇಸಲ್ಲಿ ಆ ಚೀಟಿ ಇಟ್ಕೊಂಡು ಓಡ್ಸೋ ಹಾಗಿಲ್ಲ. ಆಮೇಲೆ ಆರ್‌ಟಿಒದವ್ರೂ ಮೊದಲ್ನೇ ಸಲ 3 ತಿಂಗಳು ಅನರ್ಹ ಮಾಡ್ಬೋದು, ಎರಡ್ನೇ ಸಲ ಲೈಸೆನ್ಸೇ ರದ್ದು, ಆದ್ರೆ ಅದಕ್ಕೆ ಮುಂಚೆ ನಿಮ್ಮ ಮಾತು ಕೇಳ್ಬೇಕು, ಆರ್ಡರ್ ಬಂದ್ರೆ 30 ದಿನದೊಳಗೆ ಅಪೀಲಿಗೂ ದಾರಿ ಇದೆ.

ಹಕ್ಕುಗಳೂ ಹಂಗೇ, ಯಾರೂ ಬಾಯ್ಬಿಡಲ್ಲ. ಕೇಸ್ ಆಗೋದು 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಬಂದ್ರೆ, ಅದಕ್ಕೆ ಮಷೀನ್ ತೋರ್ಸೋ ನಂಬರ್ ಕಣ್ಣಾರೆ ನೋಡಿ. ಅರೆಸ್ಟ್ ಮಾಡಿದ್ರೆ 2 ಗಂಟೆಯೊಳಗೆ ಡಾಕ್ಟ್ರ ಹತ್ರ ಪರೀಕ್ಷೆ ಮಾಡಿಸ್ಬೇಕು, ಇಲ್ಲಾಂದ್ರೆ ಬಿಡ್ಬೇಕು. ಊದಲ್ಲ ಅಂತ ಮೊಂಡು ಹಿಡಿಯೋದು ಮಾತ್ರ ದಡ್ಡತನ, ಅದೇ ನಿಮ್ ಮೇಲೆ ಸಾಕ್ಷಿ ಆಗುತ್ತೆ.

ವಕೀಲ್ರಿಗೆ ದುಡ್ಡಿಲ್ಲ ಅನ್ನೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಹೆಂಗಸ್ರು, ಎಸ್‌ಸಿ-ಎಸ್‌ಟಿಯವ್ರು, ಕಸ್ಟಡೀಲಿರೋರು, ವರಮಾನ ಕಮ್ಮಿ ಇರೋರಿಗೆಲ್ಲ ಪುಕ್ಕಟೆ ವಕೀಲ್ರು ಸಿಗ್ತಾರೆ. ಪೊಲೀಸ್ನೋರು ಕೊಡೋ ನೋಟಿಸಿನ ಹಿಂದೆ ಹೆಂಗೂ ಖಾಲಿ ಜಾಗ ಇರುತ್ತೆ, ಒಪ್ಕೊಂಡ್ರೆ ಡಿಎಲ್ ಹೋಗುತ್ತೆ ಅನ್ನೋ ಒಂದು ಸಾಲನ್ನಾದ್ರೂ ದಪ್ಪಕ್ಷರದ ಕನ್ನಡದಲ್ಲಿ ಅಲ್ಲಿ ಹಾಕ್ಸಿ ಅಂತ ಎಸ್‌ಪಿ ಸಾಹೇಬ್ರಿಗೆ ನಿಮ್ ಪತ್ರಿಕೆ ಮೂಲಕ ಕೇಳ್ಕೋತಿದೀನಿ.

— ಒಬ್ಬ ಓದುಗ, ಬಟವಾಡಿ, ತುಮಕೂರು