ಇಂಟರ್ನಲ್ಸ್ ಪೇಪರು ತಿದ್ದಿ ಬೇಸತ್ತ ಮಗಳಿಗೆ

ಚಿಕ್ಕಮಗಳೂರು

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದ.

ನಿನ್ನ ಹಾಸನದ ಕಾಲೇಜಿನ ಕ್ಯಾಲ್ಕುಲಸ್ ಇಂಟರ್ನಲ್ಸ್‌ನಲ್ಲಿ ಅರ್ಧ ಕ್ಲಾಸು ಮುಗ್ಗರಿಸಿದೆ, 'ಪಿಯುಸಿಯಲ್ಲಿ ಇವಕ್ಕೆ ಏನು ಕಲಿಸಿದರೋ' ಅಂದೆಯಲ್ಲ. ಪಿಯುಸಿಯವರು ಹೈಸ್ಕೂಲಿನವರನ್ನು ಬೈತಾರೆ. ಹೈಸ್ಕೂಲಿನಲ್ಲಿದ್ದ ನಾನು ಪ್ರೈಮರಿ ಮೇಷ್ಟ್ರನ್ನು ಬೈದುಕೊಂಡೇ ರಿಟೈರ್ ಆದೆ.

ನೀನು ಫೋನಿನಲ್ಲಿ ಓದಿ ಹೇಳಿದ ಉತ್ತರವನ್ನೇ ತಗೋ. ಒಂದನ್ನು ಎಕ್ಸ್ ವರ್ಗದಿಂದ ಭಾಗಿಸಿದ್ದರ ಡಿರೈವೇಟಿವ್, ಅಂದರೆ ಅದು ಬದಲಾಗುವ ದರ, ನೀನು ಕೇಳಿದ್ದೆ, ಆ ಹುಡುಗಿ ಒಂದರ ಕೆಳಗೆ ಎರಡು ಎಕ್ಸ್ ಅಂತ ಬರೆದಳು. ಬರೀ ಎಕ್ಸ್ ವರ್ಗ ಕೊಟ್ಟಿದ್ದರೆ ಸರಿ ಮಾಡುತ್ತಿದ್ದಳು. ಛೇದದಲ್ಲಿದ್ದದ್ದನ್ನು ಮೇಲೆ ತಂದರೆ ಘಾತಾಂಕ ಮೈನಸ್ ಎರಡಾಗುತ್ತದೆ ಅನ್ನೋದು ಹೊಳೆದಿಲ್ಲ. ಅವಳ ಕಾಲು ಸಿಕ್ಕಿಕೊಂಡಿರುವುದು ಹೈಸ್ಕೂಲಿನ ಪಾಠದಲ್ಲಿ. ನೀನು ಕ್ಯಾಲ್ಕುಲಸ್‌ನ ಮೊದಲ ಪಾಠ ಲಿಮಿಟ್‌ನಿಂದ ಮತ್ತೆ ಶುರು ಮಾಡಿದರೆ ಅವಳಿಗೇನು ಬಂತು? ಮುಳ್ಳಯ್ಯನಗಿರಿ ಉದಾಹರಣೆ ಕೊಟ್ಟೆಯಂತೆ, ಹತ್ತಿ 1,930 ಮೀಟರ್ ಎತ್ತರದ ತುದಿಗೆ ಬಂದಾಗ ಏರು ಸೊನ್ನೆ ಅಂತ. ಚೆನ್ನಾಗಿದೆ, ಆದರೆ ಅವಳಿಗೆ ಈಗ ಬೇಕಿರುವುದು ಬೆಟ್ಟವಲ್ಲ.

ನಾಲ್ಕು ಗಂಟೆಗೆ ರೆಮಿಡಿಯಲ್ ಕ್ಲಾಸ್ ಇಟ್ಟರೆ ಆಲೂರು, ಸಕಲೇಶಪುರದ ಕಡೆಯವರಿಗೆ ಬಸ್ಸು ತಪ್ಪುತ್ತದೆ. ಬರದಿದ್ದರೆ ನೀವು 'ಆಸಕ್ತಿ ಇಲ್ಲ' ಅಂತೀರಿ. ಬೆಳಗ್ಗೆ ಮೊದಲ ಬಸ್ಸಿಗೆ ಬಂದು ಕಾರಿಡಾರಿನಲ್ಲಿ ಕೂತಿರುತ್ತವಲ್ಲ, ಆಗ ಕರೆ. ನಾಲ್ಕೇ ಜನ ಬರಲಿ. ಪಕ್ಕದಲ್ಲಿ ಕೂತು, 'ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂದೆ?' ಅಂತ ಕನ್ನಡದಲ್ಲೇ ಕೇಳು. ಘಾತಾಂಕ ಗೊತ್ತಿದ್ದೂ 'ಎಕ್ಸ್‌ಪೊನೆಂಟ್' ಅಂದಾಗ ಬೆಬ್ಬೆಬ್ಬೆ ಅನ್ನುವವರು ಅದರಲ್ಲಿ ಇದ್ದೇ ಇರುತ್ತಾರೆ.

ಬೋರ್ಡಿಗೆ ಮಾತ್ರ ಕರೀಬೇಡ. ನನ್ನ ಕ್ಲಾಸಿನಲ್ಲಿ ಒಬ್ಬ, 9ಕ್ಕೆ 16 ಕೂಡಿಸಿ ವರ್ಗಮೂಲ ತೆಗಿ ಅಂದರೆ 3ಕ್ಕೆ 4 ಕೂಡಿಸಿ 7 ಅಂತ ಬರೆದ. ಅವನನ್ನು ಅಲ್ಲೇ ನಿಲ್ಲಿಸಿ ಕ್ಲಾಸನ್ನೆಲ್ಲ ನಗಿಸಿದೆ, 'ನಿನ್ನ ತಲೆಗೆ ಲೆಕ್ಕ ಹತ್ತಲ್ಲ ಬಿಡು' ಅಂದೆ. ಈಗ ಅವನು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಕುಯ್ಲಿನ ದಿನ ಮೂವತ್ತು ಆಳಿನ ಹಣ್ಣಿನ ತೂಕ, ಕೂಲಿ, ಮುರಿದುಕೊಳ್ಳಬೇಕಾದ ಮುಂಗಡ, ಎಲ್ಲ ಬಾಯಲ್ಲೇ ಹೇಳುತ್ತಾನಂತೆ. ನನ್ನನ್ನು ಕಂಡರೆ ಇವತ್ತಿಗೂ ರಸ್ತೆ ದಾಟಿ ಆ ಕಡೆ ಹೋಗುತ್ತಾನೆ.

ಭಾನುವಾರ ಬರುವಾಗ ಪೇಪರಿನ ಕಟ್ಟು ತಾ. ಅಂಕ ನೋಡುವುದು ಬೇಡ, ಯಾವ ಸಾಲಿನಲ್ಲಿ ತಪ್ಪು ಶುರುವಾಯಿತೋ ಅಲ್ಲಿಗೆ ಪೆನ್ಸಿಲ್ ಗುರುತು ಹಾಕುತ್ತಾ ಹೋಗೋಣ. ಸಂಜೆ ನನಗೆ ಕಣ್ಣು ಸರಿಯಾಗಿ ಕಾಣಲ್ಲ, ಬೆಳಗಿನ ಬಸ್ಸಿಗೇ ಹೊರಡು.

ಅಪ್ಪ