ಬೈತಖೋಲ ಬಂದರಿನ ಲೆಕ್ಕ ಕೊಡಿ: ಬಂದರು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ ನಮಸ್ಕಾರಗಳು.

ಕಾರವಾರ ಬಂದರು ಇರುವ ಬೈತಖೋಲದಲ್ಲಿ ಹನ್ನೊಂದು ವರ್ಷ ಸಣ್ಣ ಖಾನಾವಳಿ ನಡೆಸಿದವನು ನಾನು. ನಮ್ಮದು ಮೀನೂಟದ ಊರು. ಕಬ್ಬಿಣದ ಅದಿರು ಇಲ್ಲಿಂದ ಹಡಗು ಹತ್ತುತ್ತಿದ್ದ ಕಾಲದಲ್ಲಿ ಹೊಸಪೇಟೆ, ಸಂಡೂರು ಕಡೆಯ ಲಾರಿ ಡ್ರೈವರುಗಳು ಬಂದು ಕೂತು ರೊಟ್ಟಿ ಕೇಳುತ್ತಿದ್ದರು. ನನ್ನ ಹೆಂಡತಿ ಜೋಳದ ರೊಟ್ಟಿ ಬಡಿಯಲು ಕಲಿತದ್ದೇ ಆಗ. 2010ರ ಜುಲೈಯಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮಳೆಗಾಲ ಮುಗಿದ ಮೇಲೂ ಲಾರಿ ಬರಲಿಲ್ಲ. ದೀಪಾವಳಿ ಹೊತ್ತಿಗೆ ಬಾಗಿಲು ಹಾಕಿದೆ.

ಬಂದರಿನಿಂದ ಊರಿಗೆ ಏನೂ ಸಿಕ್ಕಿಲ್ಲ ಅನ್ನುವವನಲ್ಲ ನಾನು. ಅದರ ಉಪ್ಪು ಉಂಡವನು. ಆದರೆ ಎಷ್ಟು ಸಿಕ್ಕಿತು, ಯಾರಿಗೆ ಸಿಕ್ಕಿತು ಅಂತ ಕೇಳಿದರೆ ಟನ್ನಿನ ಲೆಕ್ಕ ಹೇಳುತ್ತಾರೆ. ನನ್ನ ಅಪ್ಪ ಮಚ್ವೆ ಎಂಬ ಸರಕಿನ ದೋಣಿಗಳಿಂದ ಹೆಂಚು ಇಳಿಸುತ್ತಿದ್ದ ಹಮಾಲ. ಈಗ ಡಾಂಬರಿನ ಹಡಗು ಬರುತ್ತದೆ, ಪೈಪಿನಲ್ಲಿ ಖಾಲಿಯಾಗುತ್ತದೆ, ಹೋಗುತ್ತದೆ. ಟನ್ನು ಎಷ್ಟಾದರೂ ಆಗಲಿ, ಪೈಪಿಗೆ ಊಟ ಬೇಡವಲ್ಲ.

ಈ ಕರಾವಳಿಯ ಬಂದರುಗಳ ಕಥೆ ಹಿಂದಿನಿಂದಲೂ ಒಂದೇ ತೆರನದು. ಸಮುದ್ರದ ಕಡೆ ಎಲ್ಲ ಸರಿ, ತೊಡಕೆಲ್ಲ ಘಟ್ಟದ ಕಡೆ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ಹಾಕಿದ್ದು ಘಟ್ಟದಿಂದ ಇಳಿದು ಬರುವ ಕಾಳುಮೆಣಸಿಗಾಗಿ. ಮುಂದೆ ಧಾರವಾಡ ಸೀಮೆಯ ಹತ್ತಿ ಕುಮಟಾದಲ್ಲಿ ಹಡಗು ಹತ್ತುತ್ತಿದ್ದ ಕಾರಣಕ್ಕೆ ವಿಲಾಯತಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ತಪ್ಪಿದಾಗ ಮುಂಬಯಿ ವ್ಯಾಪಾರಿಗಳು ಕಾರವಾರದ ಮೇಲೆ ಕಣ್ಣಿಟ್ಟರು. 1862ರಲ್ಲಿ ನಮ್ಮ ಜಿಲ್ಲೆಯನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಬಂದರಿಗಾಗಿ ಜಿಲ್ಲೆಯ ಪ್ರಾಂತವೇ ಬದಲಾಯಿತು, ಹುಬ್ಬಳ್ಳಿಯಿಂದ ರೈಲು ಮಾತ್ರ ಇಳಿಯಲಿಲ್ಲ. 1880ರ ದಶಕದಲ್ಲಿ ಅದು ಪೋರ್ಚುಗೀಸರ ಗೋವಾದ ಮುರಗಾಂವ ಬಂದರಿಗೆ ಇಳಿಯಿತು. ವ್ಯಾಪಾರವೂ ಅದರ ಹಿಂದೆ ಹೋಯಿತು.

ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಇವತ್ತಿಗೂ ಮುಗಿದಿಲ್ಲ. ಕಾಡು ಕಡಿದಾದರೂ ತನ್ನಿ ಅಂತ ನಾನು ಹೇಳುವುದಿಲ್ಲ (ಶಿರಸಿಯ ನನ್ನ ಬೀಗರೂ ಇದನ್ನು ಓದುತ್ತಾರೆ). ಆದರೆ ಘಟ್ಟದ ದಾರಿ ಹಾಗೇ ಇಟ್ಟುಕೊಂಡು ಕೆಳಗೆ ಬಂದರು ಹಿಗ್ಗಿಸಿದರೆ ಏನಾಗುತ್ತದೆ ಎಂಬುದನ್ನು ಅದಿರಿನ ಕಾಲದಲ್ಲಿ ಕಂಡಿದ್ದೇವೆ. ಅರಬೈಲ್ ಘಟ್ಟದಲ್ಲಿ ಸಾಲುಗಟ್ಟಿ ನಿಂತ ಲಾರಿಗಳು, ಹೊಂಡ ಬಿದ್ದ ರಸ್ತೆ, ಒಣಹಾಕಿದ ಮೀನಿನ ಮೇಲೂ ಕೆಂಪು ಧೂಳು. ರಸ್ತೆ ರಿಪೇರಿಯ ಖರ್ಚು ಒಂದು ಇಲಾಖೆಯ ಪುಸ್ತಕದಲ್ಲಿ, ಆಸ್ಪತ್ರೆಯ ಖರ್ಚು ಅವರವರ ಜೇಬಿನಲ್ಲಿ. ಬಂದರಿನ ಪುಸ್ತಕದಲ್ಲಿ ಆದಾಯ ಮಾತ್ರ. ಅದನ್ನಾದರೂ ನಂಬೋಣವೆಂದರೆ, ನಿಮ್ಮದೇ ಇಲಾಖೆಯ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿಯಾಗಿ ಬಿದ್ದಿದ್ದ ಅದಿರೇ ಹಡಗು ಹತ್ತಿ ಹೋಯಿತು. ಕಾವಲಿನಲ್ಲಿದ್ದ ಲಕ್ಷಗಟ್ಟಲೆ ಟನ್ನಿನ ಲೆಕ್ಕ ತಪ್ಪಿದ ಮೇಲೆ ಜನ ಅನುಮಾನ ಪಡುವುದು ತಪ್ಪೇ?

ಮೀನುಗಾರಿಕೆ ಖಾತೆಯೂ ನಿಮ್ಮಲ್ಲೇ ಇದೆ. ಬಿಣಗಾದಿಂದ ಅಂಕೋಲಾ ಕಡೆಗೆ ಉದ್ದಕ್ಕೂ ದಂಡೆ ನೌಕಾನೆಲೆಗೆ ಹೋಯಿತು. ದೇಶದ ಕೆಲಸ ಅಂತ ಜನ ಮನೆ, ಗದ್ದೆ ಬಿಟ್ಟುಕೊಟ್ಟರು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಗೆ ಕಲ್ಲು ತುಂಬಲು ಬಂದಾಗ ಹೆಂಗಸರು ಸಮುದ್ರಕ್ಕೇ ಇಳಿದರು. ಬಂದರು ಬೇಡವೆಂಬ ಹಟ ಅವರದಾಗಿರಲಿಲ್ಲ. ದೋಣಿ ಎಳೆದಿಡಲು, ಬಲೆ ಹರವಲು ಉಳಿದದ್ದೇ ಅಷ್ಟು ಮರಳು.

ಈಗ ಅಂಕೋಲಾದ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸರಕಿನ ಖಾಸಗಿ ಬಂದರು, ₹4,119 ಕೋಟಿ ಹೂಡಿಕೆ ಎಂದು ಹೇಳುತ್ತಿದ್ದಾರೆ. ಅದರ ಭಾರವೂ ಇದೇ ಘಟ್ಟದ ಮೇಲೆಯೇ ತಾನೇ? ಕೆಲಸ ಸಿಗುತ್ತದೆ ಅನ್ನುತ್ತಾರೆ. ಸಿಗಬಹುದು. ಯಾವ ಕೆಲಸ, ಎಷ್ಟು ವರ್ಷ, ಯಾರಿಗೆ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಕೇಣಿಯ ಮಾತು ಮುಂದುವರಿಯುವ ಮೊದಲು, ಸರ್ಕಾರವೇ ನಡೆಸಿದ ಕಾರವಾರ ಮತ್ತು ಬೇಲೆಕೇರಿ ಬಂದರುಗಳ ಕಳೆದ ಇಪ್ಪತ್ತೈದು ವರ್ಷದ ಲೆಕ್ಕ ಕನ್ನಡದಲ್ಲಿ ಹೊರಗೆ ಬರಲಿ. ಯಾವ ಸರಕಿನಿಂದ ಎಷ್ಟು ಬಂತು, ಹೂಳೆತ್ತಲು ಎಷ್ಟು ಹೋಯಿತು, ಸ್ಥಳೀಯರ ಕೂಲಿ ಎಷ್ಟು, ಘಟ್ಟದ ರಸ್ತೆಗೆ ಎಷ್ಟು ಬಿತ್ತು, ಮೀನುಗಾರರಿಗೆ ಕೊಟ್ಟದ್ದೆಷ್ಟು. ಲಾಭವೇ ಹೆಚ್ಚೆಂದು ಆ ಕಾಗದ ಹೇಳಿದರೆ ನಾನೂ ಕೇಣಿಗೆ ಹೋಗಿ ಹಾಗೆಯೇ ಹೇಳುತ್ತೇನೆ.

ಅಚ್ಚು ಹಾಕಿಸುವುದು ತಡವಾದರೆ ಬೈತಖೋಲದ ಧಕ್ಕೆಗೆ ಬಂದು ನೀವೇ ಓದಿ ಹೇಳಿ. ಬೆಳಿಗ್ಗೆ ಬೋಟು ಬರುವ ಹೊತ್ತಿಗೆ ಬನ್ನಿ, ಆಗ ಎಲ್ಲರೂ ಅಲ್ಲೇ ಇರುತ್ತಾರೆ.

ಇತಿ,
ಬೈತಖೋಲದ ಹಳೆಯ ಖಾನಾವಳಿಯವ